ನಾನೂರ ಹನ್ನೆರಡು ಮೀಟರು ಹಾರಿದ ಸಿಂಬೆ

ಬಂಡೆಹಟ್ಟಿಯ ಬೋರಣ್ಣನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಸರಿಯಾಗಿ ಗೊತ್ತಿದ್ದ ವಿಷಯವೂ ಇರಲಿಲ್ಲ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಆಗ ನನ್ನದೊಂದು ಸೈಕಲ್ ಶಾಪಿತ್ತು. ಎದುರಿನ ದಿಬ್ಬದ ಮೇಲೆ ಹಟ್ಟಿ. ಬೋರಣ್ಣ ಬೆಳಿಗ್ಗೆ ತನ್ನ ಇಪ್ಪತ್ತು ಕುರಿಗಳನ್ನು ಬಯಲಿಗೆ ಹೊಡೆದು, ಅವು ಹುಲ್ಲು ಮೇಯುವಷ್ಟು ಹೊತ್ತು ತಾನು ನನ್ನ ಶಾಪಿನ ಮುಂದೆ ಕೂತು ಪ್ರಪಂಚ ಮೇಯುತ್ತಿದ್ದ. ಪಂಕ್ಚರ್ ಹೇಗೆ ಹಾಕಬೇಕು ಅಂತ ನನಗೆ, ತಿರುವಿನಲ್ಲಿ ಗೇರು ಹೇಗೆ ಬದಲಿಸಬೇಕು ಅಂತ ಬಸ್ಸಿನ ಡ್ರೈವರಿಗೆ, ಮಳೆ ಯಾಕೆ ಬರಲಿಲ್ಲ ಅಂತ ಮೋಡಕ್ಕೆ ಹೇಳಿಕೊಡುತ್ತಿದ್ದ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವನು ಬರದ ದಿನ ನನಗೆ ಪಂಪು ಹೊಡೆಯುವುದೇ ಭಾರವಾಗುತ್ತಿತ್ತು.

ಎಂಬತ್ತಾರನೇ ಇಸವಿ, ಶ್ರಾವಣದ ಒಂದು ಭಾನುವಾರ. ಶಿರಾದಿಂದ ಯಾರೋ ತಂದ ಬೋಂಡ ತಿಂದು ಮುಗಿಸಿದ ಮೇಲೆ, ಅದನ್ನು ಸುತ್ತಿದ್ದ ಪೇಪರನ್ನು ನಾನು ಓದುವುದು ವಾಡಿಕೆ. ಎಣ್ಣೆಯಲ್ಲಿ ನೆನೆದ ಪೇಪರಿನಲ್ಲಿ ಒಂದು ಫೋಟೊ: ಚಡ್ಡಿ ಹಾಕಿದ ಬಿಳಿ ಹುಡುಗನೊಬ್ಬ ಬಳೆಯಾಕಾರದ್ದೇನನ್ನೋ ಹಿಡಿದು ನಗುತ್ತಿದ್ದಾನೆ. ಅಮೇರಿಕದಲ್ಲಿ ಆಟದ ಬಳೆಯೊಂದನ್ನು ಸಾವಿರದ ಇನ್ನೂರೈವತ್ತು ಅಡಿಗೂ ದೂರ ಎಸೆದು ದಾಖಲೆ ಮಾಡಿದನಂತೆ.

ಬೋರಣ್ಣ ಪೇಪರು ಕಿತ್ತುಕೊಂಡು ಬಿಸಿಲಿಗೆ ಹಿಡಿದು ನೋಡಿದ.

“ಶಾಪಣ್ಣ, ಇದು ಸಿಂಬೆ ಕಣ್ಲಾ.”

“ಸಿಂಬೆಯಲ್ಲ, ಅದೇನೋ ಪ್ಲಾಸ್ಟಿಕ್ಕು ಅಂತ ಬರೆದವ್ರೆ.”

“ಪ್ಲಾಸ್ಟಿಕ್ ಸಿಂಬೆ. ಅವರೇನು ನೀರು ಹೊರಲ್ವಾ? ಕುಡೀದಲೇ ಇರ್ತಾರಾ?” ಅಂದವನು ಪೇಪರು ಮಡಿಸಿ ಜೇಬಿಗಿಟ್ಟುಕೊಂಡ. “ಸಿಂಬೆ ಎಸ್ಯೋದೂ ಒಂದು ದೊಡ್ಡ ಕೆಲ್ಸಾನಾ? ಮುನ್ನೂರು ಮಾರು ದೂರದ ಟಗರಿಗೆ ಮಣ್ಣೆಂಟೆ ಬೀರಿ ತಿರುಗ್ಸೋನು ನಾನು. ಈ ಕೈಗೆ ಅದ್ಯಾವ ಲೆಕ್ಕ.”

ಸಿಂಬೆ ಎಂದರೆ ಈಗಿನವರಿಗೆ ಹೇಳಬೇಕಾಗುತ್ತದೆ. ಹೆಂಗಸರು ತಲೆಯ ಮೇಲೆ ಕೊಡ ಕೂರಿಸುವ ಮುಂಚೆ ಅಡಿಗೆ ಇಟ್ಟುಕೊಳ್ಳುತ್ತಿದ್ದ ದುಂಡನೆಯ ಒತ್ತು ಅದು. ಬೇರೆ ಊರುಗಳಲ್ಲಿ ಹಳೇ ಬಟ್ಟೆ ಸುತ್ತಿಕೊಂಡರೆ ಆಯಿತು. ನಮ್ಮ ಹಟ್ಟಿಯಲ್ಲಿ ಹಾಗಿರಲಿಲ್ಲ. ಸೊಸೆಯಾಗಿ ಬರುವವಳು ತವರಿಂದ ಸಿಂಬೆ ತರಬೇಕು. ಅದನ್ನು ತಾಯಿಯೇ ಕತ್ತಾಳೆ ನಾರಿನಲ್ಲಿ ಬಿಗಿಯಾಗಿ ಹೆಣೆದು, ಮೇಲೆ ತನ್ನ ಸೀರೆಯ ಅಂಚು ಸುತ್ತಿ ಕೊಡಬೇಕು. ಬೋರಣ್ಣನ ಹೆಂಡತಿ ನಾಗಕ್ಕನ ಸಿಂಬೆ ಹನ್ನೆರಡು ವರ್ಷ ನೀರು ಕುಡಿದು, ಬಿಸಿಲು ತಿಂದು, ಹಪ್ಪಳದ ಹಾಗೆ ತೆಳ್ಳಗೆ ಗಟ್ಟಿಯಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಮಾತು ಸಂಜೆಗೆ ಮರೆತುಹೋಗುತ್ತಿತ್ತು. ಆದರೆ ಆ ಹೊತ್ತಿಗೆ ಸೈಕಲ್ಲಿಗೆ ಗಾಳಿ ಹೊಡೆಸಲು ಡ್ರಿಲ್ ಮೇಷ್ಟ್ರು ಬಸವಲಿಂಗಯ್ಯನವರು ಬಂದರು. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಒಬ್ಬನೇ ಒಬ್ಬ ಆಟಗಾರನನ್ನೂ ತಾಲ್ಲೂಕು ಮಟ್ಟ ದಾಟಿಸಲಾಗಲಿಲ್ಲ ಎಂಬ ಕೊರಗು ಅವರದು. ಬೋರಣ್ಣನ ಮಾತು ಕೇಳಿದವರೇ ಸೈಕಲ್ಲು ಸ್ಟ್ಯಾಂಡು ಹಾಕಿದರು.

“ಬೋರಣ್ಣನವರೇ, ತಾವು ನಿಜವಾಗಿಯೂ ಎಸೆಯಬಲ್ಲಿರಾ?”

ಬೋರಣ್ಣನನ್ನು ಅಲ್ಲಿಯತನಕ ಯಾರೂ ‘ತಾವು’ ಅಂದಿರಲಿಲ್ಲ. ಅವನು ಎದ್ದು ನಿಂತ. “ಅಳತೆ ಟೇಪು ತಗೊಂಬನ್ನಿ ಸಾ.”

ಬಿಳಿ ಹುಡುಗ ಎತ್ತರದಲ್ಲಿ ನಿಂತಿದ್ದ ಎಂದು ಫೋಟೊದಲ್ಲಿ ಕಾಣುತ್ತಿತ್ತು. ಹಟ್ಟಿಯಲ್ಲಿ ಎತ್ತರದ ಜಾಗ ಯಾವುದು? ದಿಬ್ಬದ ತುದಿಯಲ್ಲಿದ್ದ ಬೋರಣ್ಣನ ಮನೆಯೇ. ಮನೆಯಲ್ಲಿ ನಿಲ್ಲಲು ಎತ್ತರದ್ದು ಯಾವುದು? ಹೊಸಿಲು. ನಾಗಕ್ಕ ಕಡ್ಲೇಕಾಯಿ ಹೊಲದಲ್ಲಿ ಕಳೆ ಕೀಳಲು ಹೋಗಿದ್ದಳು. ಬೋರಣ್ಣ ಗೂಟದಲ್ಲಿ ನೇತಾಡುತ್ತಿದ್ದ ಸಿಂಬೆ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಹೊಸಿಲ ಮೇಲೆ ನಿಂತ. ಕೆಳಗೆ ಹನ್ನೊಂದು ಜನ ಗಂಡಸರು ನೆರೆದಿದ್ದೆವು.

ಮೂರು ಸುತ್ತು ಸುತ್ತಿ ಬಿಟ್ಟ ನೋಡಿ. ಶ್ರಾವಣದ ಪಡುವಣ ಗಾಳಿ ಹಿಂದಿನಿಂದ ಬಂದು ಸಿಂಬೆಯನ್ನು ಅಂಗೈಯಲ್ಲಿ ಎತ್ತಿಕೊಂಡಿತು. ಸಿಂಬೆ ತಿರುಗುತ್ತಾ ತಿರುಗುತ್ತಾ ಹುಣಸೇಮರದ ನೆತ್ತಿ ದಾಟಿತು. ಸೂರ್ಯನಿಗೆ ಅಡ್ಡ ಹೋಯಿತು. ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದೆವು. ಕೈ ತೆಗೆದಾಗ ಸಿಂಬೆ ಆಕಾಶದಲ್ಲಿರಲಿಲ್ಲ.

“ಎಲ್ಲಿ ಬಿತ್ತು?” ಎಂದರು ಮೇಷ್ಟ್ರು.

“ನಾನು ನೋಡ್ದೆ, ನೀವು ಇಲ್ಲೇ ಇರಿ,” ಅಂದು ಬೋರಣ್ಣ ಓಡಿದ.

ಅವನು ಹೋದದ್ದು ಎಲ್ಲಿಗೆ ಎಂಬುದು ನಾನು ಬಲಗಡೆ ನಿಂತಿದ್ದರಿಂದ ನನಗೊಬ್ಬನಿಗೇ ಕಂಡಿತು. ಎಪ್ಪತ್ತು ಹೆಜ್ಜೆ ಕೆಳಗೆ ಗಿರಿಯಮ್ಮನ ಮಣ್ಣಿನ ಮಾಳಿಗೆ. ಅದರ ಹಿಂದಿನ ಏಣಿ ಹತ್ತಿದ, ಏನನ್ನೋ ಎತ್ತಿಕೊಂಡ, ಹೆಗಲ ಕಂಬಳಿಯ ಒಳಗೆ ಸೇರಿಸಿದ, ಇಳಿದ, ಹೊಲದ ಬದುವಿನಲ್ಲಿ ಬಗ್ಗಿಕೊಂಡು ಓಡಿದ. ಆಮೇಲೆ ಬಹಳ ಹೊತ್ತಿಗೆ, ಪಾವಗಡದ ರಸ್ತೆಯ ಮೈಲಿಗಲ್ಲಿನ ಹತ್ತಿರದಿಂದ ಕೂಗು ಕೇಳಿಸಿತು. “ಇಲ್ಲೈತೆ.”

ನಾನು ಬಾಯಿ ಬಿಡಲಿಲ್ಲ. ಊರಿಗೆ ಹೆಸರು ಬರುತ್ತದೆ ಎನ್ನುವಾಗ ಯಾವನು ಬಿಡುತ್ತಾನೆ?

ಮೇಷ್ಟ್ರು ಐವತ್ತು ಮೀಟರಿನ ಟೇಪಿನಲ್ಲಿ ಅಳೆದರು. ಎಂಟು ಟೇಪು, ಮೇಲೆ ಹನ್ನೆರಡು ಮೀಟರು. ಅಡಿಗೆ ತಿರುಗಿಸಿ, ಎರಡು ಸಲ ಗುಣಿಸಿ ನೋಡಿ, ಅವರು ಮೈಲಿಗಲ್ಲಿನ ಮೇಲೆ ಕೂತುಬಿಟ್ಟರು. ಅಮೇರಿಕಕ್ಕಿಂತ ನೂರು ಅಡಿ ಜಾಸ್ತಿ. ಅಲ್ಲೇ ಬಿಳಿ ಹಾಳೆಯ ಮೇಲೆ ಬರೆದರು: ‘ಬಂಡೆಹಟ್ಟಿ ಗ್ರಾಮದ ಶ್ರೀ ಬೋರಣ್ಣನವರು ತಮ್ಮ ಧರ್ಮಪತ್ನಿಯ ಸಿಂಬೆಯನ್ನು ತಮ್ಮ ಸ್ವಗೃಹದ ಹೊಸಿಲಿನ ಮೇಲೆ ನಿಂತು, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ನಾನೂರ ಹನ್ನೆರಡು ಮೀಟರ್ ದೂರ ಎಸೆದಿರುವುದು ಸತ್ಯ.’ ಕೆಳಗೆ ಹನ್ನೊಂದು ಜನರ ಸಾಕ್ಷಿ. ಒಂಬತ್ತು ಹೆಬ್ಬೆಟ್ಟು, ಎರಡು ರುಜು. ಒಂದು ರುಜು ನನ್ನದು. ಒಂದು ಪ್ರತಿ ಬೋರಣ್ಣನಿಗೆ, ಇನ್ನೊಂದು ಮಧುಗಿರಿಯಿಂದ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಲಂಡನ್ನಿನ ದಾಖಲೆ ಪುಸ್ತಕದವರಿಗೆ.

ಸಂಜೆ ನಾಗಕ್ಕ ಹೊಲದಿಂದ ಬಂದಳು. ಕೊಡ ತೆಗೆದಳು, ಗೂಟ ನೋಡಿದಳು. ಪಡಸಾಲೆಯಲ್ಲಿ ಬೋರಣ್ಣನಿರಲಿಲ್ಲ. ಹಟ್ಟಿಯ ಆ ಕೊನೆಯಲ್ಲಿ, ಎಸೆಯುವಾಗ ಸೊಂಟ ಹೇಗೆ ತಿರುಗಿಸಬೇಕು ಎಂದು ಜನಕ್ಕೆ ಹೇಳಿಕೊಡುತ್ತಿದ್ದ. ಗಿರಿಯಮ್ಮ ಬಂದು ನಿಂತಳು. ಎಪ್ಪತ್ತರ ಮುದುಕಿ, ಒಂಟಿ ಜೀವ.

“ನಾಗಿ, ನಿನ್ ಗಂಡ ಒಸ್ಲು ಮ್ಯಾಲೆ ನಿಂತ್ಕಂಡು ನಿನ್ ಸಿಂಬೆ ಬಿಸಾಕ್ಬುಟ್ಟ ಕಣಮ್ಮ. ಸುಮ್ಕೆ ಬಿಸಾಕ್ಲಿಲ್ಲ. ಮೇಷ್ಟ್ರುನ ಕರ್ಸಿ, ಅಳ್ತೆ ಆಕ್ಸಿ, ಕಾಗ್ದ ಬರ್ಸಿ, ಊರೋರ ಕೈಲಿ ಎಬ್ಬೆಟ್ಟು ಒತ್ಸವ್ನೆ.”

ಇಲ್ಲಿ ನಮ್ಮ ಹಟ್ಟಿಯ ಒಂದು ಪದ್ಧತಿ ಹೇಳಲೇಬೇಕು. ಗಂಡನಾದವನು ಹೆಂಡತಿಯ ಸಿಂಬೆಯನ್ನು ಹೊಸಿಲಾಚೆ ಎಸೆದರೆ, ‘ನಿನ್ನ ನೀರು ಈ ಮನೆಗೆ ಬೇಡ’ ಎಂದು ಅರ್ಥ. ಅವಳು ತವರಿಗೆ ನಡೆಯಬೇಕು. ಹಿಂದೆಲ್ಲ ಕೋಪ ಬಂದ ಗಂಡಸರು ಎಸೆದದ್ದುಂಟು. ಆದರೆ ಜಾಣರು, ಅಂಗಳ ದಾಟುವಷ್ಟು ಎಸೆಯುತ್ತಿರಲಿಲ್ಲ. ಚಿಕ್ಕನರಸಯ್ಯ ಎಂಬ ಒಬ್ಬರು ಪ್ರತಿ ವರ್ಷ ಎಸೆಯುತ್ತಿದ್ದರಂತೆ, ಹೊಸಿಲಿನಿಂದ ಒಂದು ಗೇಣು ಆಚೆಗೆ. ಇದನ್ನು ನೆನಪಿಟ್ಟುಕೊಳ್ಳುವ ಕೆಲಸ ಹೆಂಗಸರದೆಂದು ನಾವು ಗಂಡಸರು ಬಿಟ್ಟುಬಿಟ್ಟಿದ್ದೆವು. ಹನ್ನೊಂದು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಬೋರಣ್ಣನಿಗಂತೂ ಬಿಡಿ.

ನಾಗಕ್ಕ ಕೊಡವನ್ನು ಹೊಸಿಲ ಮೇಲೆ ಬೋರಲು ಹಾಕಿ, ರಸ್ತೆಗೆ ಬಂದು ವೈ.ಎನ್.ಹೊಸಕೋಟೆಯ ಕಡೆ ಹೋಗುವ ಕೊನೇ ಬಸ್ಸು ಹತ್ತಿದಳು. ತವರು ಅಲ್ಲಿ. ನನ್ನ ಶಾಪಿನ ಮುಂದೆಯೇ ಹತ್ತಿದಳು. “ಎಲ್ಲಿಗಮ್ಮ?” ಅಂದೆ. “ನಿಮ್ ದಾಖಲೆ ಸುದ್ದಿ ಏಳಕ್ಕೆ ಓಯ್ತಿವ್ನಿ,” ಅಂದಳು. ನಾನು ಅದನ್ನು ಹಾಗೇ ಬೋರಣ್ಣನಿಗೆ ತಲುಪಿಸಿದೆ.

“ಓಗ್ಲಿ ಬುಡು,” ಅಂದ ಬೋರಣ್ಣ, ಎದೆ ಉಬ್ಬಿಸಿ. “ಅವರಣ್ಣಂಗೂ ಗೊತ್ತಾಗ್ಲಿ. ಯಾವಾಗ ನೋಡಿದ್ರೂ ನಮ್ ಬಾವ ಕೆಲ್ಸುಕ್ ಬಾರ್ದೋನು ಅಂತಿದ್ದ.”

ಮೂರನೇ ದಿನ ಆ ಅಣ್ಣ ಪೆದ್ದಣ್ಣ ಬಂದ. ಆರಡಿ ಆಳು, ಆಂಧ್ರದ ಗಡಿಯಲ್ಲಿ ಬೆಳೆದವನು, ಕನ್ನಡ ಶುರುವಾದರೆ ತೆಲುಗಿನಲ್ಲಿ ಮುಗಿಯುತ್ತಿತ್ತು. ಜೊತೆಗೆ ಇಬ್ಬರು ಹಿರಿಯರು. ಬೋರಣ್ಣ ಓಡಿಹೋಗಿ ಚಾಪೆ ಹಾಸಿದ. ಸನ್ಮಾನಕ್ಕೆ ಬಂದಿದ್ದಾರೆಂದು ಅವನ ಲೆಕ್ಕ. ಮುಂಡಾಸು ಕಟ್ಟಿಕೊಂಡೇ ಕೂತ.

“ಬಾವ, ನಿಜ ಹೇಳು. ಸಿಂಬೆ ಎಸ್ದಿದ್ದು ಹೌದಾ?” ಎಂದ ಪೆದ್ದಣ್ಣ.

“ಔದು ಬಾವ.”

“ಕುಡ್ದಿದ್ದಾ?”

“ಇಂಥಾ ಕೆಲ್ಸಾನ ಕುಡ್ದು ಮಾಡಕ್ಕಾಯ್ತದಾ? ನೆಟ್ಟಗೆ ನಿಂತ್ಕಂಡು, ಗಾಳಿ ನೋಡ್ಕಂಡು ಎಸ್ದೆ.”

“ಎಂತ ದೂರ?”

“ನಾನೂರ ಅನ್ನೆರಡು ಮೀಟ್ರು.”

ಪೆದ್ದಣ್ಣ ಹಿರಿಯರ ಮುಖ ನೋಡಿದ. ಹಿರಿಯರು ನೆಲ ನೋಡಿದರು. ಒಬ್ಬರು ಮೆಲ್ಲಗೆ, “ನಮ್ಮ ತಾತನ ಕಾಲದಾಗೂ ಇಂಥದ್ದು ಕೇಳಿಲ್ಲ,” ಎಂದರು.

“ಕೇಳಿರಲ್ಲ,” ಅಂದ ಬೋರಣ್ಣ ಹಿಗ್ಗಿ. “ಪ್ರಪಂಚದಾಗೇ ಯಾರೂ ಎಸ್ದಿಲ್ಲ. ಇಗಾ, ಬರ್ದುಕೊಟ್ಟವ್ರೆ,” ಎಂದು ಕಾಗದ ತೆಗೆದು ತಾನೇ ಕೊಟ್ಟ.

ಹಿರಿಯರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ‘ಸ್ವಸಂತೋಷದಿಂದ’ ಎಂಬಲ್ಲಿಗೆ ಬಂದಾಗ ಪೆದ್ದಣ್ಣ ಮುಖದ ಮೇಲೆ ಹೆಗಲ ವಲ್ಲಿ ಎಳೆದುಕೊಂಡ. ಆರಡಿ ಆಳು ಬಿಕ್ಕುತ್ತಿದ್ದ.

“ಚೂಡು ಪೆದ್ದಾಯನ, ಲಂಡನ್ನಿಗೂ ಬರ್ದವ್ನೆ. ನಮ್ ಚೆಲ್ಲೆಲು, ನನ್ ತಂಗಿ, ಏಂ ಪಾಪ ಮಾಡಿದ್ಲು? ಬೇಡಾಂದ್ರೆ ಅಂಗಳಕ್ಕೆ ಹಾಕಿದ್ರೆ ಸಾಲ್ದಾ? ಮೈಲಿಗಲ್ಲು ದಾಟಿಸ್ಬೇಕಾ?”

ಬೋರಣ್ಣನ ಮುಂಡಾಸು ತಾನಾಗಿ ಸಡಿಲವಾಯಿತು. ಅಲ್ಲಿಯವರೆಗೆ ಸಿಂಬೆಯನ್ನೇ ನೋಡುತ್ತಿದ್ದವನು ಮೊದಲ ಸಲ ಬೋರಲು ಬಿದ್ದ ಕೊಡ ನೋಡಿದ. ಮೂರು ದಿನದಿಂದ ಅದನ್ನು ದಾಟಿಕೊಂಡೇ ಓಡಾಡಿದ್ದ. “ಶಾಪಣ್ಣ,” ಎಂದ. ನನ್ನ ಕಡೆ ತಿರುಗಿದ. ಗೊತ್ತಿಲ್ಲ ಎನ್ನುವ ಮುಖವನ್ನು ಬೋರಣ್ಣ ಹೊತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಹೊತ್ತಿನಿಂದ ಅವನಿಗೆ ಲಂಡನ್ನೂ ಬೇಡ, ಅಮೇರಿಕವೂ ಬೇಡ. ಮುದ್ದೆ ಬೇಯಿಸಲು ಬಾರದ ಮನುಷ್ಯ, ಮೂರು ದಿನ ಬರೀ ಹುರಿಗಡಲೆ ತಿಂದಿದ್ದ. ಹಸಿವನ್ನಾದರೂ ತಡೆದಾನು. ತಾನು ಹೇಳಿದ್ದಕ್ಕೆಲ್ಲ “ಊಂ, ಆಮ್ಯಾಲೆ?” ಎನ್ನುವವಳು ಇಲ್ಲದ ಮನೆಯಲ್ಲಿ ಬೋರಣ್ಣ ಹೇಗೆ ಬದುಕಬೇಕು?

ಹಟ್ಟಿಯ ಯಜಮಾನರು ದೊಡ್ಡರಂಗಯ್ಯನವರು. ಹುಣಸೇಮರದ ಕೆಳಗೆ ನ್ಯಾಯಕ್ಕೆ ಕೂತರು. ಕಿವಿ ಸ್ವಲ್ಪ ಮಂದ, ತೀರ್ಪು ಖಡಕ್ಕು.

“ಪದ್ಧತಿ ಐತೆ. ಎಸೆದೋನು ತಪ್ಪಾಯ್ತು ಅಂತ ಒಪ್ಕಂಡ್ರೆ, ಸಿಂಬೆ ಎಲ್ಲಿ ಬಿತ್ತೋ ಅಲ್ಲಿಂದ ತುಂಬಿದ ಕೊಡ ತಲೆ ಮ್ಯಾಲೆ ಒತ್ಕಂಡು ಬಂದು ಒಸ್ಲು ದಾಟುಸ್ಬೇಕು. ಕೈ ಬುಟ್ಟು ಬಿದ್ರೆ ಮೊದ್ಲಿಂದ. ಆ ನೀರ್ನಾಗೆ ಎಂಡ್ರು ಅಡಿಗೆಗೆ ಎಸರು ಇಟ್ಲು ಅಂದ್ರೆ ನ್ಯಾಯ ಮುಗೀತು. ಎಲ್ಲಿ ಬಿತ್ತಪ್ಪಾ?”

ಬೋರಣ್ಣ ಮೈಲಿಗಲ್ಲಿನ ಕಡೆ ಒಮ್ಮೆ ನೋಡಿದ. ಏರುದಾರಿ. ಕಲ್ಲು ಕರಗುವ ಹಾಗೆ ಧ್ವನಿ ಮಾಡಿ ಹೇಳಿದ. “ಸ್ವಾಮಿ, ಸತ್ಯ ಏಳ್ತೀನಿ. ಅದು ಗಿರಿಯಮ್ಮನ ಮಾಳಿಗೆ ಮ್ಯಾಲೆ ಬಿದ್ದಿತ್ತು. ಎಪ್ಪತ್ತೇ ಎಜ್ಜೆ.”

ಗಿರಿಯಮ್ಮ ಕೋಲು ನೆಲಕ್ಕೆ ಕುಟ್ಟಿದಳು.

“ಯಾರ್ ಮಾಳಿಗೆ ಮ್ಯಾಲೆ? ಲೇ ಬೋರ, ಕಂಡೋರ ಗಂಡ ಎಂಡ್ರ ಸಿಂಬೆ ಬಿಸಾಕಿ, ಅದು ನನ್ ಮನೆ ಮ್ಯಾಲೆ ಬಿತ್ತು ಅಂದ್ರೆ ಜನ ಏನಂದ್ಕತಾರೆ? ನನ್ಗೆ ಎಪ್ಪತ್ತು ವರ್ಸ ಆಯ್ತು. ಈ ವಯಸ್ನಾಗೆ ನಿನ್ ಎಸ್ರು ನನ್ ತಲೆಗೆ ಕಟ್ಟೀಯಾ? ನನ್ ಮಾಳಿಗೆ ಮ್ಯಾಲೆ ಕಾಗೆ ಬುಟ್ರೆ ಇನ್ನೇನೂ ಬಿದ್ದಿಲ್ಲ.”

“ಮೇಷ್ಟ್ರೇ, ನೀವಾದ್ರೂ ಏಳಿ.”

“ಅಸಾಧ್ಯ,” ಎಂದರು ಬಸವಲಿಂಗಯ್ಯನವರು, ಕಣ್ಣು ಒದ್ದೆ ಮಾಡಿಕೊಂಡು. “ಪತ್ರ ಸಮುದ್ರ ದಾಟುತ್ತಿರಬಹುದು. ನಾನು ಅಳೆದಿದ್ದೇನೆ ಬೋರಣ್ಣನವರೇ, ಎರಡು ಸಲ ಗುಣಿಸಿದ್ದೇನೆ.”

ತಡೆಯಲಾರದೆ ನಾನು ಎದ್ದೆ. ಏಣಿ ಹತ್ತಿದ್ದನ್ನು ನಾನು ಕಣ್ಣಾರೆ ಕಂಡೆ ಎಂದೆ. ಪೆದ್ದಣ್ಣ ಕಾಗದ ತಂದು ನನ್ನ ಮೂಗಿಗೆ ಹಿಡಿದ. “ಈ ಸೈನು ಎವರಿದಿ ಅಣ್ಣ?”

“ನಂದು.”

“ಆವತ್ತು ಸುಳ್ಳಾ, ಇವತ್ತು ಸುಳ್ಳಾ?”

ನಾನು ಕೂತೆ.

ದೊಡ್ಡರಂಗಯ್ಯನವರಿಗೆ ಇದರಲ್ಲಿ ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧ ಸಾಕಾಯಿತು. “ಅನ್ನೊಂದು ಜನ ಸಾಕ್ಷಿ ಐತೆ. ಮೈಲಿಗಲ್ಲೇ ಸೈ. ಸುಕ್ರವಾರ ಬೆಳಿಗ್ಗೆ.”

ಶುಕ್ರವಾರ ಬೆಳಿಗ್ಗೆ ನಮ್ಮ ರಸ್ತೆಯ ಮೇಲೆ ಅಷ್ಟು ಜನವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಪಾವಗಡದ ಬಸ್ಸು ಬಂದು ನಿಂತಿತು. ಅಣ್ಣನ ಜೊತೆ ನಾಗಕ್ಕ ಇಳಿದು, ದಿಬ್ಬ ಹತ್ತಿಹೋಗಿ ತನ್ನ ಮನೆಯ ಬಾಗಿಲಲ್ಲಿ ನಿಂತಳು. ವಿಷಯ ತಿಳಿದ ಡ್ರೈವರು ಇಂಜಿನ್ನು ಆಫ್ ಮಾಡಿದ. ಪ್ಯಾಸೆಂಜರುಗಳು ಟಾಪಿನ ಮೇಲೆ ಹತ್ತಿದರು.

ಮೈಲಿಗಲ್ಲಿನ ಪಕ್ಕದಲ್ಲಿ ಬೋರಣ್ಣನ ತಲೆಗೆ ಸಿಂಬೆ ಇಟ್ಟು, ತುಂಬಿದ ತಾಮ್ರದ ಬಿಂದಿಗೆ ಕೂರಿಸಿದೆವು. ಮೂರು ಹೆಜ್ಜೆ ಇಟ್ಟ. ಬಿಂದಿಗೆ ಮುಂದಕ್ಕೆ ಬಂತು, ಬೋರಣ್ಣ ಹಿಂದಕ್ಕೆ ಹೋದ. ನೀರೆಲ್ಲ ಮೇಷ್ಟ್ರ ಬಿಳಿ ಪ್ಯಾಂಟಿನ ಮೇಲೆ.

“ಕತ್ತು ಬಿಗೀಬ್ಯಾಡ ಕಣ್ಲಾ,” ಎಂದು ಹೆಂಗಸರ ಗುಂಪಿನಿಂದ ಒಬ್ಬಳು.

“ಸೊಂಟ ತಿರುಗ್ಸು. ಅವತ್ತು ಎಲ್ರುಗೂ ಏಳ್ಕೊಡ್ತಿದ್ದೆಯಲ್ಲ,” ಎಂದು ಇನ್ನೊಬ್ಬಳು.

ಎರಡನೇ ಸಲ ನನ್ನ ಶಾಪಿನ ತನಕ ಬಂದ. ಅಲ್ಲಿ ಡ್ರೈವರು ಹುರುಪಿಗೆಂದು ಹಾರ್ನು ಹೊಡೆದ. ಬಿಂದಿಗೆ ಚರಂಡಿಗೆ. ಮತ್ತೆ ಮೈಲಿಗಲ್ಲು.

ಮೂರನೇ ಸಲ ಬೋರಣ್ಣ ಯಾರಿಗೂ ಏನೂ ಹೇಳಲಿಲ್ಲ. ಎರಡೂ ಕೈ ಎತ್ತಿ ಬಿಂದಿಗೆ ಹಿಡಿದು, ಕಣ್ಣು ಮಾತ್ರ ಮುಂದಿಟ್ಟು, ಮೊದಲ ಸಲ ನಡೆಯುವ ಕರುವಿನ ಹಾಗೆ ಕಾಲು ಇಟ್ಟ. ರಸ್ತೆ ದಾಟಿದ. ದಿಬ್ಬ ಹತ್ತಿದ. ಪ್ರತಿ ಹೆಜ್ಜೆಗೂ ನೀರು ತುಳುಕಿ ಮುಖದ ಮೇಲೆ, ಎದೆಯ ಮೇಲೆ, ಪಂಚೆಯ ಮೇಲೆ ಇಳಿಯುತ್ತಿತ್ತು. ಜನ ನಗುವುದನ್ನು ಬಿಟ್ಟು ಹಿಂದೆ ಹಿಂದೆ ಬಂದರು. ಗಿರಿಯಮ್ಮನ ಮನೆ ಬಂತು. ಅಲ್ಲಿ ನಿಂತ. ಇನ್ನು ಎಪ್ಪತ್ತು ಹೆಜ್ಜೆ.

ಬಾಗಿಲಲ್ಲಿದ್ದ ನಾಗಕ್ಕ ಇಳಿದು ಬಂದು ಅವನ ಎದುರಿಗೆ ನಿಂತಳು. ನಾನು ಪಕ್ಕದಲ್ಲೇ ಇದ್ದೆ.

“ನಾಗೀ, ದೇವರಾಣೆ, ಇಲ್ಲೇ ಕಣೇ ಬಿದ್ದಿದ್ದು. ಈ ಮಾಳಿಗೆ ಮ್ಯಾಲೆ.”

“ಗೊತ್ತು.”

“ಎಂಗೆ ಗೊತ್ತು?”

“ನಾನು ಒಲದಾಗೇ ಇರ್ಲಿಲ್ವಾ? ಬಿದ್ದಿದ್ದೂ ನೋಡ್ದೆ, ನೀನು ಏಣಿ ಅತ್ತಿದ್ದೂ ನೋಡ್ದೆ.”

ಬಿಂದಿಗೆ ಒಮ್ಮೆ ಜೋಲಿ ಹೊಡೆಯಿತು. ಬೋರಣ್ಣ ಹೇಗೋ ಹಿಡಿದ. “ಅಂಗಾರೆ ನ್ಯಾಯದಾಗೆ ಯಾಕೆ ಏಳ್ಕಳಿಸ್ಲಿಲ್ಲ?”

“ಆ ಮೈಲಿಗಲ್ಲು ದಾಟಿ ಇನ್ನೂ ಅಷ್ಟೇ ದೂರ ಓದ್ರೆ ನಾನು ನೀರು ಸೇದೋ ಬಾವಿ. ದಿನುಕ್ಕೆ ಆರು ಸಲ. ಅನ್ನೆರಡು ವರ್ಸದಿಂದ ಒತ್ತಿವ್ನಿ. ನೀನು ಅರ್ಧ ದಾರಿ ಒತ್ರೆ ಎಂಗ್ ಕಾಣ್ತೀಯ ಅಂತ ನೋಡಾನ ಅನ್ನುಸ್ತು.” ಅವಳು ಸೆರಗಿನಿಂದ ಅವನ ಕಣ್ಣಿಗೆ ಇಳಿಯುತ್ತಿದ್ದ ನೀರು ಒರೆಸಿದಳು. “ಕೈ ಬುಡು. ಕೈಯಾಗೆ ಇಡ್ಕಂಡಷ್ಟೂ ತುಳುಕ್ತದೆ. ನನ್ ಇಂದೆ ಬಾ.”

ಅವಳು ಮುಂದೆ, ಅವನು ಹಿಂದೆ. ಎಪ್ಪತ್ತು ಹೆಜ್ಜೆ. ಬೋರಣ್ಣ ಹೊಸಿಲು ದಾಟಿದ. ಕೆಳಗೆ ಬಸ್ಸಿನ ಟಾಪಿನಿಂದ ಚಪ್ಪಾಳೆ ಬಿತ್ತು. ಪೆದ್ದಣ್ಣ ಓಡಿಬಂದು ಬಾವನ ತಲೆಯಿಂದ ಬಿಂದಿಗೆ ಇಳಿಸಿದ.

ದೊಡ್ಡರಂಗಯ್ಯನವರು ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಂಡರು. “ಏನಮ್ಮ, ಎಸರು ಇಡ್ತೀಯಾ?”

ನಾಗಕ್ಕ ಬಿಂದಿಗೆ ಬಗ್ಗಿಸಿ ನೋಡಿದಳು. ತಳದಲ್ಲಿ ಎರಡು ಚೊಂಬು ನೀರಿತ್ತು. ಉಳಿದದ್ದು ಬೋರಣ್ಣನ ಮೈಮೇಲಿತ್ತು.

“ಅಣ್ಣ ಬಂದವ್ನೆ, ಇರೀಕ್ರು ಅವ್ರೆ, ಮೇಷ್ಟ್ರು ಅವ್ರೆ. ಇಷ್ಟ್ರಾಗೆ ಎಷ್ಟು ಜನಕ್ಕೆ ಮುದ್ದೆ ಆಯ್ತದೆ? ಇನ್ನೊಂದು ಕೊಡ ಬೇಕು.”

ಬೋರಣ್ಣ ತಲೆಯ ಮೇಲಿನ ಸಿಂಬೆ ತೆಗೆದಿರಲಿಲ್ಲ. ಬಿಂದಿಗೆಗೆ ಕೈ ಹಾಕಿದ.

“ಮೈಲಿಗಲ್ಲಿಗಾ, ಬಾವಿಗಾ?” ಎಂದು ಕೇಳಿದ.

“ಬಾವಿಗೆ,” ಅಂದಳು ನಾಗಕ್ಕ. “ತಡಿ, ನಾನೂ ಬತ್ತೀನಿ. ಒಬ್ನೇ ಓದ್ರೆ ದಾರ್ಯಾಗೆ ಯಾರ್ಗಾದ್ರೂ ಬಾವಿ ಎಂಗೆ ತೋಡ್ಬೇಕು ಅಂತ ಏಳ್ತಾ ನಿಂತ್ಬುಡ್ತೀಯ.”

ಸಿಂಬೆ ಅವನ ತಲೆಯಲ್ಲಿದ್ದುದರಿಂದ ಅವಳು ಸೆರಗನ್ನೇ ಸುತ್ತಿ ತಲೆಗಿಟ್ಟುಕೊಂಡಳು. ಇಬ್ಬರೂ ದಿಬ್ಬ ಇಳಿದು, ಬಸ್ಸು ದಾಟಿ, ಮೈಲಿಗಲ್ಲು ದಾಟಿ ಹೋದರು. ಬಾವಿಯ ದಾರಿಯ ಕತೆಯನ್ನು ಅವನು ಹನ್ನೆರಡು ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು, ಅವನು “ಊಂ, ಆಮ್ಯಾಲೆ?” ಅನ್ನುತ್ತಿದ್ದ.